ಇರಿ ಎಂದ ಮನೆ

ನಮ್ಮ ಊರಿನಲ್ಲಿ ಅಮಾವಾಸ್ಯೆಯ ಮರುದಿನ ಮಧ್ಯಾಹ್ನ ಯಾರೂ ಮಲಗುವುದಿಲ್ಲ. ಊಟ ಮುಗಿಸಿ, ಜಗಲಿ ಗುಡಿಸಿ, ಚಾಪೆ ಹಾಸಿ, ಒಂದು ತಂಬಿಗೆ ನೀರಿಟ್ಟುಕೊಂಡು ಕಾಯುತ್ತೇವೆ. ಬಿಡುವಾದಾಗಲೆಲ್ಲ ಫೋನು ಹಿಡಿದು ತಿಂಗಳುದ್ದಕ್ಕೂ ಯಾವ ವೆಬ್‌ಸೈಟಿಗೆ ಹೆಚ್ಚು ಹೋಗಿರುತ್ತೇವೋ ಅಲ್ಲಿಂದ ಅವತ್ತು ಒಬ್ಬರು ಮನೆಗೆ ಬರುತ್ತಾರೆ. ನಾವು ಅಷ್ಟು ಸಲ ಅವರ ಬಾಗಿಲಿಗೆ ಹೋದ ಮೇಲೆ ಅವರು ಒಂದು ಸಲವಾದರೂ ಬರಬೇಡವೆ? ಅವರನ್ನು ನಾವು 'ಬರೋರು' ಎನ್ನುತ್ತೇವೆ. ಮನೆಗೆ ಒಬ್ಬರೇ ಬರುವುದು. ಬಂದವರು ಸೂರ್ಯ ಮುಳುಗುವ ಹೊತ್ತಿಗೆ ತಾವಾಗಿ ಎದ್ದು ಹೋಗುತ್ತಾರೆ. ಎದ್ದಾಗ 'ಹೋಗಿ' ಎನ್ನಬೇಕು, 'ಹೋಗಿ ಬನ್ನಿ' ಎನ್ನಬಾರದು. 'ಇರಿ' ಎಂದಂತೂ ಬಾಯಿ ತಪ್ಪಿಯೂ ಅನ್ನಬಾರದು.

ಇದರಲ್ಲಿ ಹೆದರುವಂಥದ್ದೇನಿದೆ ಎಂದು ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಎದುರು ಮನೆಯ ಮೇಷ್ಟ್ರಿಗೆ ಕ್ರಿಕೆಟ್ಟಿನ ಹುಚ್ಚು. ಅವರಲ್ಲಿಗೆ ಬರುವವನು ಚಾಪೆಯ ಮೇಲೆ ಕೂರುವುದೇ ಇಲ್ಲ, ಜಗಲಿಯಲ್ಲಿ ನಿಂತುಕೊಂಡೇ ರನ್ನು ಹೇಳುತ್ತಾನೆ, ಬೀದಿಯ ಗಂಡಸರೆಲ್ಲ ಸುತ್ತ ನೆರೆಯುತ್ತಾರೆ. ಪಕ್ಕದ ಜೈಬುನಕ್ಕನಿಗೆ ಅಡುಗೆಯ ಹುಚ್ಚು. ಅಲ್ಲಿಗೆ ಬರುವ ಹೆಂಗಸು ಒಂದು ಬದನೆಕಾಯಿ ಪಲ್ಯ ಹೇಳಿಕೊಡುವುದಕ್ಕೆ ಮೊದಲು ತನ್ನ ಅಜ್ಜಿಯ ಕಥೆ, ತನ್ನ ಮದುವೆಯ ಕಥೆ, ಊರಿನ ಮಳೆಯ ಕಥೆ ಎಲ್ಲ ಹೇಳಿ ಮುಗಿಸಬೇಕು. "ಉಪ್ಪು ಎಷ್ಟು ಹಾಕ್ಬೇಕು ಅನ್ನೋ ಹೊತ್ತಿಗೆ ಹೊತ್ತು ಮುಳುಗಿರುತ್ತೆ ಕಣೇ" ಎಂದು ಜೈಬುನಕ್ಕ ನಗುತ್ತಿದ್ದಳು. ಮಾನ ಮರ್ಯಾದೆಗೆ ಅಂಜುವವರು ತಿಂಗಳ ಕೊನೆಯಲ್ಲಿ ದೇವಸ್ಥಾನದ ಪೂಜೆ ತೋರಿಸುವ ವೆಬ್‌ಸೈಟನ್ನು ಹಗಲೆಲ್ಲ ಹಾಕಿಟ್ಟು ಬಿಡುತ್ತಾರೆ. ಅಂಥ ಮನೆಗಳಿಗೆ ಮಡಿಯುಟ್ಟ ಒಬ್ಬರು ಬಂದು ತೀರ್ಥ ಕೊಟ್ಟು ಹೋಗುತ್ತಾರೆ. ಆದರೆ ಬೀದಿಗೆ ಗೊತ್ತಾಗದೆ ಇರುವುದಿಲ್ಲ.

ನಾನು ರವಿಕೆ ಹೊಲಿಯುವವಳು. ನನ್ನ ಗಂಡ ತ್ರಿಯಂಬಕ ಅವರದ್ದು ಪ್ರಚಾರದ ಆಟೋ. ತಲೆಯ ಮೇಲೆ ಎರಡು ಲೌಡ್‌ಸ್ಪೀಕರು ಕಟ್ಟಿಕೊಂಡು, ನೀರು ಬಿಡುವ ದಿನ, ಸೀರೆ ಮೇಳ, ಕಳೆದುಹೋದ ಎಮ್ಮೆ, ಸತ್ತವರ ವೈಕುಂಠ ಸಮಾರಾಧನೆ, ಏನಿದ್ದರೂ ಊರಿಗೆ ಸಾರುವುದು ಅವರ ಗಂಟಲು. ರೆಕಾರ್ಡು ಮಾಡಿಸಿ ಹಾಕಿದರಾಯಿತಲ್ಲ ಎಂದರೆ ಒಪ್ಪುತ್ತಿರಲಿಲ್ಲ. ತಾವೇ ಮೈಕು ಹಿಡಿದು, ತಿರುವಿನಲ್ಲಿ ದನಿ ಸ್ವಲ್ಪ ಇಳಿಸಿ, ನೇರ ಬೀದಿಯಲ್ಲಿ ಏರಿಸಿ ಸಾರುತ್ತಿದ್ದರು. ಮಗಳು ಚಂದನ ಕಾಲೇಜಿಗೆ ಹೋಗುತ್ತಿದ್ದಳು. ನಮ್ಮ ಮನೆಗೆ ಯಾವಾಗಲೂ ಬರುತ್ತಿದ್ದದ್ದು ರವಿಕೆಯ ಬೆನ್ನಿನ ಡಿಸೈನು ತೋರಿಸುವ ಒಬ್ಬ ಹುಡುಗಿ. ಗಲಗಲ ಮಾತಾಡಿ, ಬಂದ ಹಾಗೇ ಹೋಗುತ್ತಿದ್ದಳು.

ಆ ತಿಂಗಳು ಮಾತ್ರ ನನಗೆ ಮೊದಲಿನಿಂದಲೂ ಒಂದು ಅನುಮಾನವಿತ್ತು. ಇವರು ಊಟಕ್ಕೆ ಕೂತವರು ಅರ್ಧಕ್ಕೆ ಏಳುತ್ತಿದ್ದರು. ಫೋನು ಬಚ್ಚಲಿಗೂ ಹೋಗುತ್ತಿತ್ತು. ನಾನು ಹತ್ತಿರ ಬಂದರೆ ಬೆಳಕು ಆರಿಸಿ ಅಂಗಿಯ ಜೇಬಿಗೆ ಇಳಿಸುತ್ತಿದ್ದರು. ಗಂಡಸು ಫೋನು ಬಚ್ಚಿಟ್ಟರೆ ಹೆಂಗಸಿಗೆ ಏನೇನು ಅನಿಸಬೇಕೋ ಅದೆಲ್ಲ ನನಗೂ ಅನಿಸಿತು. ಅಮಾವಾಸ್ಯೆಯ ದಿನ ಕೇಳಿಯೇಬಿಟ್ಟೆ.

"ನೋಡ್ರೀ, ಚಂದನ ಇದಾಳೆ ಮನೇಲಿ. ನಾಳೆ ಬರಬಾರದವರು ಯಾರಾದ್ರೂ ಬರೋದಿದ್ರೆ ಈಗಲೇ ಹೇಳಿಬಿಡಿ. ಅವಳನ್ನ ನಮ್ಮಕ್ಕನ ಮನೆಗೆ ಕಳಿಸ್ತೀನಿ."

ಅವರು ನನ್ನ ಮುಖವನ್ನು ನೋಡಲಿಲ್ಲ. "ಅಂಥದ್ದೇನಲ್ಲ ವಿಶಾಲೂ" ಎಂದರು. ಆ ದನಿ ಎಲ್ಲೋ ಒಡೆದಿತ್ತು. ನಾನು ಅದನ್ನು ಸುಳ್ಳಿನ ದನಿ ಎಂದುಕೊಂಡೆ.

'ಇರಿ' ಎಂದವರ ಗತಿ ಏನಾಗುತ್ತದೆ ಎಂದು ನಮ್ಮ ಬೀದಿಗೆ ಗೊತ್ತಿತ್ತು. ಮೂಲೆಮನೆಯ ಗೌರಾಂಬ ಮಂದಿಯ ಫೋಟೋ ನೋಡುವ ವೆಬ್‌ಸೈಟಿನಲ್ಲೇ ಹೊತ್ತು ಕಳೆಯುತ್ತಿದ್ದವಳು. ಯಾರು ಹೊಸ ಸೀರೆ ಉಟ್ಟರು, ಯಾರ ಮಗ ಯಾರ ಜೊತೆ ಓಡಾಡಿದ, ಇದೇ. ಅವಳಲ್ಲಿಗೆ ಬಂದವಳು ಅವನ್ನೆಲ್ಲ ಬಾಯಿ ಬಿಟ್ಟು ಹೇಳುವುದಕ್ಕೆ ಶುರು ಮಾಡಿದಾಗ ಗೌರಾಂಬನಿಗೆ ಸಂಜೆಯಾದದ್ದೇ ತಿಳಿಯಲಿಲ್ಲ. "ಅಯ್ಯೋ, ಇನ್ನೊಬ್ಬರದ್ದು ಹೇಳಿ, ಇರಿ" ಎಂದಳಂತೆ. ಬಂದವಳು ಅಲ್ಲೇ ಇದ್ದುಬಿಟ್ಟಳು. ಆಮೇಲೆ ಗೌರಾಂಬ ಹೊರಗೆ ಬಂದದ್ದನ್ನು ಯಾರೂ ಕಾಣಲಿಲ್ಲ. ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಒಡೆದು ಹುಳಿಯುತ್ತಿತ್ತು. ಕಿಟಕಿಯ ಪರದೆಯ ಹಿಂದೆ ಎರಡು ತಲೆ ಕಾಣುತ್ತಿದ್ದವು, ಯಾವುದು ಯಾರದ್ದು ಎಂದು ಹೇಳಲು ಬರುತ್ತಿರಲಿಲ್ಲ. ಒಂದು ಸಲ ಅವಳ ಮೊಮ್ಮಗಳು ಬಂದು ಬಾಗಿಲು ಬಡಿದಾಗ ಒಳಗಿನಿಂದ ಗೌರಾಂಬ, "ಯಾರಮ್ಮ ನೀನು? ನಿನ್ನ ಫೋಟೋ ಹಾಕಿಲ್ವಲ್ಲ" ಎಂದಳು. ಆ ಮಗು ಅತ್ತುಕೊಂಡು ಓಡಿದ್ದನ್ನು ನಾನೇ ನೋಡಿದ್ದೆ.

ಮರುದಿನ ಊಟವಾದ ಮೇಲೆ ಚಾಪೆ ಹಾಸಿ ಕೂತೆವು. ಬಂದವನು ಒಬ್ಬ ಗಂಡಸು. ತಿಳಿನೀಲಿ ಅಂಗಿ, ಉಜ್ಜಿ ತೊಳೆದಂಥ ಬೆರಳುಗಳು. ವಯಸ್ಸು ಎಷ್ಟೆಂದು ಅಂದಾಜೇ ಸಿಗದ ಮುಖ. ಬಾಗಿಲಲ್ಲಿ ನಿಂತು, "ಗಾಬರಿಯಾಗಬೇಡಿ" ಎಂದ. ಅದು ಅವನ ಮೊದಲ ಮಾತು. ಅದನ್ನು ಕೇಳಿಯೇ ನನಗೆ ಗಾಬರಿಯಾಯಿತು.

ನೀರು ಕುಡಿದು, ಇವರ ಎದುರು ಕೂತು, ಹಳೆಯ ಪರಿಚಯದವನಂತೆ ಕೇಳಿದ: "ನುಂಗುವಾಗ ಈಗಲೂ ನೋಯುತ್ತಿದೆಯೇ? ಗಂಟು ಮೊದಲಿಗಿಂತ ದೊಡ್ಡದಾಗಿದೆಯೇ?"

ಚಂದನ ನನ್ನ ಮುಖ ನೋಡಿದಳು. ನಾನು ಇವರ ಮುಖ ನೋಡಿದೆ. ಇವರು ಕೊರಳಿನ ಎಡಗಡೆಗೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದರು. ಬೇರೆ ಹೆಣ್ಣೊಬ್ಬಳು ಬಂದಿದ್ದರೆ ಜಗಳವಾಡಿ ಅತ್ತು ಮುಗಿಸುತ್ತಿದ್ದೆ. ಇದಕ್ಕೆ ಏನು ಮಾಡಲಿ?

"ಎಷ್ಟು ದಿನದಿಂದ?" ಎಂದೆ.

"ಯುಗಾದಿಗೆ ಮುಂಚೆ" ಎಂದರು.

ನೀಲಿ ಅಂಗಿಯವನು ಮೆಲ್ಲಗೆ ಶುರು ಮಾಡಿದ. ಇದು ಬರಿಯ ಶೀತದ ಗಂಟು ಇರಬಹುದು. ಥೈರಾಯ್ಡ್ ಇರಬಹುದು. ಕ್ಷಯ ಇರಬಹುದು. ಹೆಚ್ಚು ಮಾತಾಡುವವರಿಗೆ ಬರುವ ಗಂಟು ಇರಬಹುದು. ಅಪರೂಪಕ್ಕೆ ಕ್ಯಾನ್ಸರ್ ಕೂಡ ಇರಬಹುದು. ಹಾಗಿದ್ದರೆ ಇಂತಿಂಥ ಹಂತಗಳು, ಹಂತಹಂತಕ್ಕೂ ಆಗುವುದು ಹೀಗೆ. ಏನೂ ಇಲ್ಲದೆಯೂ ಇರಬಹುದು. ಒಂದೊಂದು 'ಇರಬಹುದು' ಬಂದಾಗಲೂ ಇವರ ಮುಖದಲ್ಲಿ ಆಸೆ ಹತ್ತಿ ಆರುತ್ತಿತ್ತು. ಆ ಮನುಷ್ಯನ ದನಿಯಲ್ಲಿ ಒಂದು ಜೋಗುಳದ ಗುಣವಿತ್ತು, ಕೇಳಿಸಿಕೊಂಡಷ್ಟೂ ಇನ್ನೊಂದು ಮಾತು ಕೇಳಬೇಕು ಎನ್ನಿಸುವಂಥದ್ದು. ಪ್ರತಿ ಮಾತಿನ ಕೊನೆಗೆ ಏನೋ ಒಂದನ್ನು ಬಹಳ ಸಣ್ಣ ದನಿಯಲ್ಲಿ ಗಡಿಬಿಡಿಯಿಂದ ಗೊಣಗಿಕೊಳ್ಳುತ್ತಿದ್ದ. ಅದನ್ನು ನಾವು ಯಾರೂ ಗಮನಿಸಲಿಲ್ಲ.

"ಗಂಟಲಿನ ಬಗ್ಗೆ ಕೇಳಿದವರು ಸಾಮಾನ್ಯವಾಗಿ ತಲೆನೋವಿನ ಬಗ್ಗೆಯೂ ಕೇಳುತ್ತಾರೆ" ಎಂದು ಚಂದನಳ ಕಡೆ ತಿರುಗಿದ. ಪರೀಕ್ಷೆಗೆ ಓದಿ ಅವಳಿಗೆ ಆಗಾಗ ತಲೆನೋಯುತ್ತಿತ್ತು. ಅವಳು ಕೇಳಿದಳು. ಅವನು ಹೇಳಿದ. ಅವಳ ತುಟಿ ಬಿಳಚಿಕೊಂಡಿತು. ಆಮೇಲೆ ನನ್ನ ಕಡೆ ನೋಡಿದ. ಮೆಷಿನ್ನು ತುಳಿದು ನನಗೆ ಸೊಂಟನೋವು ಇದ್ದೇ ಇತ್ತು. ಕೇಳಬಾರದು ಎಂದು ಅಂದುಕೊಂಡಿದ್ದೆ, ಬಾಯಿ ತಾನಾಗಿ ಕೇಳಿತು. ಮೂರು ಜನವೂ ಅವನ ಸುತ್ತ ಮಂಡಿ ಎಳೆದುಕೊಂಡು ಕೂತಿದ್ದೆವು, ಚಳಿಗೆ ಬೆಂಕಿಯ ಸುತ್ತ ಕೂತ ಹಾಗೆ. ಬೆಂಕಿ ಅಷ್ಟು ತಣ್ಣಗಿರುತ್ತದೆಯೆ ಎಂದು ಆಗ ಹೊಳೆಯಲಿಲ್ಲ.

ಬಿಸಿಲು ಜಗಲಿಯಿಂದ ಇಳಿದು ಅಂಗಳ ದಾಟಿತು. ಅವನು ಎದ್ದು ನಿಂತ. ನಾನು 'ಹೋಗಿ' ಎನ್ನಬೇಕಿತ್ತು. ನನ್ನ ನಾಲಗೆ ಸೊಂಟನೋವಿನ ಇನ್ನೊಂದು ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಇವರು ಅವನ ತೋಳು ಹಿಡಿದುಕೊಂಡರು.

"ಒಂದೇ ಒಂದು ಮಾತು. ಇದು ಅದೇನಾ, ಅಲ್ವಾ? ಅಷ್ಟು ಹೇಳಿಬಿಡಿ. ಇರಿ."

ಅವನು ಕೂತ. ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಚಪ್ಪಲಿ ಬಿಚ್ಚಿ ಗೋಡೆಯ ಬದಿಗೆ ಜೋಡಿಸಿದ. ಮನೆಯವರು ಬಿಡುವ ಜಾಗದಲ್ಲೇ.

ಆಮೇಲೆ ಅವನು ನಮ್ಮ ಮನೆಯಲ್ಲೇ ಉಳಿದ. ಅವನು ಊಟ ಮಾಡುತ್ತಿರಲಿಲ್ಲ, ಮಲಗುತ್ತಿರಲಿಲ್ಲ, ಏನನ್ನೂ ಬೇಡುತ್ತಿರಲಿಲ್ಲ. ಕೇಳಿದರೆ ಹೇಳುತ್ತಿದ್ದ, ಅಷ್ಟೆ. ಇವರು ಆಟೋ ಹೊರಗೆ ತೆಗೆಯಲಿಲ್ಲ. ನೀರು ಬಿಡುವ ದಿನ ಯಾರೂ ಸಾರಲಿಲ್ಲ. ಊರಿನ ಅರ್ಧಕ್ಕರ್ಧ ಮಂದಿ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದು ಕೂಗಿದರು. ಇವರು ಎದ್ದೇ ಬರಲಿಲ್ಲ. ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿರುತ್ತಿದ್ದರು. ಹಿಂದೆ ಭುಜದ ಮೇಲೆ ಅವನ ಮುಖ. ಗಂಜಿ ಕೊಟ್ಟರೆ, "ನುಂಗಲು ಕಷ್ಟವಾಗುವುದೂ ಒಂದು ಲಕ್ಷಣ" ಎಂದು ಅವನ ಮಾತಿನ ಧಾಟಿಯಲ್ಲೇ ಹೇಳಿ ಪಕ್ಕಕ್ಕೆ ಸರಿಸುತ್ತಿದ್ದರು. ಚಂದನ ಪುಸ್ತಕ ಬಿಟ್ಟು ಹಣೆ ಒತ್ತಿಕೊಂಡು ಮೂಲೆ ಸೇರಿದಳು. ನಾನು ಬೇರೆಯವರ ರವಿಕೆಗೆ ತೋಳು ತಿರುವುಮುರುವು ಕೂರಿಸಿದೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಇವರು ಒಪ್ಪುತ್ತಿರಲಿಲ್ಲ. "ಅಲ್ಲಿ ಹೋದ್ರೆ ಒಂದೇ ಹೆಸರು ಹೇಳ್ತಾರೆ. ಇಲ್ಲಿ ಇನ್ನೂ ಹತ್ತಾರು ಇದಾವೆ."

ಜೈಬುನಕ್ಕ ಹಿತ್ತಲ ಗೋಡೆಯ ಆಚೆಯಿಂದ ಕರೆದಳು. "ಯಾಕೆ ವಿಶಾಲೂ, ನಿಮ್ಮ ಬಾಗಿಲು ಹಾಕೇ ಇದೆ? ಚಂದನ ಮಾತಾಡಿಸಿದ್ರೆ ಮಾತಾಡ್ತಿಲ್ಲ. ಏನಮ್ಮ ಆಯ್ತು?"

ನನಗೆ ಅಳು ಬಂತು. ಆದರೆ ಬಾಯಿಂದ ಹೊರಟದ್ದು, "ನಿಮ್ಮ ಮಂಡಿನೋವು ಎಷ್ಟು ದಿನದಿಂದ ಅಕ್ಕಾ? ರಾತ್ರಿ ಹೊತ್ತು ಜಾಸ್ತಿಯಾಗುತ್ತಾ?" ಎಂಬ ಮಾತು. ಅದು ನನ್ನ ಮಾತಲ್ಲ, ಅವನ ಮಾತು. ಜೈಬುನಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಗೌರಾಂಬನ ಮನೆಯ ಕಿಟಕಿಯನ್ನು ನಾವು ಹೇಗೆ ನೋಡುತ್ತಿದ್ದೆವೋ ಹಾಗೆ ಅವಳು ನನ್ನನ್ನು ನೋಡಿದಳು.  ಮುಖ ತೊಳೆದುಕೊಂಡೆ. ಎಷ್ಟು ತೊಳೆದರೂ ಸಾಲಲಿಲ್ಲ.

ಒಳಗೆ ಬಂದಾಗ ಅವನು ಇವರಿಗೆ ಏನೋ ಹೇಳಿ ಮುಗಿಸುತ್ತಿದ್ದ. ಮಾತಿನ ಕೊನೆಯ ಆ ಗೊಣಗಾಟ ಅವತ್ತು ಮೊದಲ ಸಲ ನನ್ನ ಕಿವಿಗೆ ಬಿತ್ತು. ಹೆದರಿದವರಿಗೆ ಕಿವಿ ಸೂಕ್ಷ್ಮವಾಗುತ್ತದೆಯೋ ಏನೋ. ನಾನು ಅವನ ಎದುರು ಹೋಗಿ ನಿಂತೆ.

"ಈಗ ಕೊನೇಲಿ ಏನಂದ್ರಿ ನೀವು?"

"ಇರಬಹುದು ಎಂದೆ."

"ಅದಾದ ಮೇಲೆ. ಬಾಯೊಳಗೆ ಅಂದ್ರಲ್ಲ, ಅದು. ಜೋರಾಗಿ ಹೇಳಿ."

ಕೇಳಿದ್ದಕ್ಕೆ ಹೇಳದೆ ಇರುವುದು ಅವನ ಗುಣದಲ್ಲೇ ಇರಲಿಲ್ಲ. ನೆಟ್ಟಗೆ ಕೂತು, ಅದೇ ಸಮಾಧಾನದ ಮುಖದಲ್ಲಿ, ದೊಡ್ಡ ದನಿಯಲ್ಲಿ ಹೇಳಿದ: "ಇಲ್ಲಿ ಹೇಳಿರುವುದು ಯಾವುದೂ ವೈದ್ಯರ ಸಲಹೆಗೆ ಬದಲಿಯಲ್ಲ. ದಯವಿಟ್ಟು ನಿಮ್ಮ ವೈದ್ಯರನ್ನು ಕಾಣಿ."

"ಇನ್ನೊಂದ್ಸಲ ಹೇಳಿ. ಇವರ ಕಡೆ ನೋಡಿ ಹೇಳಿ."

ಹೇಳಿದ. ಮತ್ತೆ ಹೇಳಿಸಿದೆ. ಇವರು ಕನ್ನಡಿ ಬಿಟ್ಟು ತಿರುಗಿದರು. ಚಂದನ ಮೂಲೆಯಿಂದ ಎದ್ದು ಬಂದಳು. ಅಷ್ಟು ದಿನ ಅವನು ಹೇಳಿದ ಸಾವಿರ ಮಾತುಗಳನ್ನು ನಂಬಿದವರಿಗೆ ಆ ಒಂದನ್ನು ನಂಬುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಕೇಳಿಸ್ತಾ ಅಪ್ಪಾ? ಅವರೇ ಹೇಳ್ತಿದಾರೆ" ಎಂದು ಚಂದನ ಅಂಗಿ ತಂದು ಅವರ ಕೈಗೆ ಕೊಟ್ಟಳು. ಅವರು ತೋಳು ತೂರಿಸಿಕೊಂಡು ಗುಂಡಿ ಹಾಗೇ ಬಿಟ್ಟರು. ನಾನೇ ಹಾಕಿದೆ.

ಬಸ್‌ಸ್ಟ್ಯಾಂಡಿನವರೆಗೂ ಅವನು ನಮ್ಮ ಹಿಂದೆ ಬಂದ. ನಾವು ಜೋರಾಗಿ ನಡೆದರೂ ಅಷ್ಟೇ ದೂರ, ನಿಂತರೂ ಅಷ್ಟೇ ದೂರ. ಹೊಳೆಯಾಚೆಯ ಊರಿಗೆ ಹೋಗುವ ಬಸ್ಸು ನಿಂತಿತ್ತು. ನಾವು ಹತ್ತಿ ಕೂತೆವು. ಅವನು ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಬೆಂಚಿನ ಮೇಲೆ ಕೂಸು ಎತ್ತಿಕೊಂಡು ಕೂತಿದ್ದ ಒಬ್ಬ ಬಾಣಂತಿ, ಅವನ ಅಂಗಿಯನ್ನೂ ಕೈಯನ್ನೂ ನೋಡಿ ಡಾಕ್ಟರೆಂದೇ ತಿಳಿದುಕೊಂಡಳೋ ಏನೋ, "ಸ್ವಾಮಿ, ಕೂಸಿನ ಮೈಮೇಲೆ ಇದೇನೋ ಕೆಂಪಗೆ ಎದ್ದೈತೆ, ನೋಡ್ತೀರಾ?" ಎಂದಳು. ಅವನು ಕಾಲು ಕೆಳಗಿಳಿಸಿದ. "ಗಾಬರಿಯಾಗಬೇಡಿ" ಎಂದು ಅವಳ ಪಕ್ಕ ಕೂತ. ಬೇಡ ಕಣಮ್ಮಾ, ಅವನನ್ನ ಕೇಳಬೇಡ ಎಂದು ಕಿಟಕಿಯಿಂದ ಕೂಗಿದೆ. ಬಸ್ಸು ಹೊರಟಿತ್ತು. ಅವಳು ತಲೆ ಎತ್ತಲಿಲ್ಲ. ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಆ ಹೆಣ್ಣುಮಗಳ ಮುಖ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆಸ್ಪತ್ರೆಯ ಡಾಕ್ಟರಮ್ಮನಿಗೆ ಬಹಳ ದಣಿವಾಗಿತ್ತು. ಹೆಚ್ಚು ಮಾತಾಡಲಿಲ್ಲ. ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡಿದರು, ಗಂಟಿನ ಒಂದು ಚೂರು ತೆಗೆದು ಕಳಿಸಿದರು, ಮುಂದಿನ ವಾರ ಬನ್ನಿ ಎಂದರು. ಹೋದೆವು. ಅವರು ಒಂದು ಹೆಸರು ಹೇಳಿದರು. ಯಾವ ಹೆಸರು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

"ಬೇರೆ ಏನಾದ್ರೂ ಇರಬಹುದಾ ಮೇಡಂ?" ಎಂದು ಇವರು ಕೇಳಿದರು.

"ಇಲ್ಲ. ಇದೇ" ಎಂದರು ಡಾಕ್ಟರಮ್ಮ. "ರೇಡಿಯೇಷನ್, ಅಂದ್ರೆ ಕರೆಂಟ್ ಕೊಡಿಸಬೇಕು, ದಿನಾ ಬರಬೇಕು. ಇನ್ನೂ ಮುಂಚೆ ಬಂದಿದ್ರೆ ಚೆನ್ನಾಗಿತ್ತು. ಮಾತು ಕಡಿಮೆ ಮಾಡಿ. ದನಿ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ."

ಇವರು ಕುಸಿದು ಬೀಳುತ್ತಾರೆ ಎಂದು ನಾನು ತೋಳು ಹಿಡಿದುಕೊಂಡಿದ್ದೆ. ಬೀಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದರು. ಯುಗಾದಿಯಿಂದ ಈಚೆಗೆ ಅವರು ಹಾಗೆ ನಿದ್ದೆ ಮಾಡಿದ್ದನ್ನು ಕಂಡಿರಲಿಲ್ಲ. ಅವರ ಹೆದರಿಕೆ ಅಲ್ಲಿ ಇಳಿಯಿತು. ಇಳಿದದ್ದು ನನ್ನ ಮಡಿಲಿಗೆ.

ದಿನಾ ಆಸ್ಪತ್ರೆಗೆ ಹೋಗುವುದು, ಇವರು ಒಳಗೆ ಹೋದಾಗ ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ನಾನು ಕಾಯುವುದು. ಕಾಯುವ ಹೆಂಗಸರೆಲ್ಲರ ಕೈಯಲ್ಲೂ ಫೋನು. ನನ್ನ ಕೈಯಲ್ಲೂ. ರವಿಕೆಯ ಡಿಸೈನು ನೋಡಲು ಮನಸ್ಸಾಗಲಿಲ್ಲ. ಹುಡುಕುತ್ತ ಹುಡುಕುತ್ತ ಒಂದು ವೆಬ್‌ಸೈಟು ಸಿಕ್ಕಿತು. ಗಂಡ ತೀರಿಹೋದ ಹೆಂಗಸರು ಆಮೇಲೆ ಹೇಗೆ ದಿನ ದೂಡಿದೆವು ಎಂದು ಬರೆದುಕೊಳ್ಳುವ ಜಾಗ. ಒಬ್ಬಳದ್ದು ಓದಿದೆ. ಥೂ, ಬದುಕಿರುವ ಗಂಡ ಗೋಡೆಯಾಚೆ ಮಲಗಿರುವಾಗ ಇದೇನು ನೋಡುತ್ತಿದ್ದೇನೆ ಎಂದು ಮುಚ್ಚಿದೆ. ಮತ್ತೆ ತೆರೆದೆ. ಆಮೇಲೆ ದಿನಾ ತೆರೆದೆ. ಅಮಾವಾಸ್ಯೆ ಹತ್ತಿರ ಬಂದಾಗ ಎಚ್ಚರವಾಗಿ, ಚಂದನಳಿಗೆ ಹೇಳಿ ದೇವಸ್ಥಾನದ ಪೂಜೆಯನ್ನು ಹಗಲೆಲ್ಲ ಹಾಕಿಸಿದೆ. ಲೆಕ್ಕ ಮೀರಿಹೋಗಿತ್ತು ಎಂದು ನನಗೆ ಒಳಗೊಳಗೇ ಗೊತ್ತಿತ್ತು.

ಆ ಮಧ್ಯಾಹ್ನ ಚಾಪೆ ಹಾಸುವಾಗ ನನಗೆ ಇದ್ದದ್ದು ಒಂದೇ ಭಯ. ಅವಳು ಬಂದರೆ, ಇವರು ನೋಡಿದರೆ, ನನ್ನ ಹೆಂಡತಿ ನನ್ನನ್ನು ಆಗಲೇ ಕಳಿಸಿಬಿಟ್ಟಿದ್ದಾಳೆ ಎಂದುಕೊಂಡರೆ? ಅವರನ್ನು ಒಳಗೆ ಮಲಗಿಸಲು ನೋಡಿದೆ. ಒಪ್ಪಲಿಲ್ಲ, ಜಗಲಿಯಲ್ಲೇ ಕೂತರು. ಕೊರಳಿನ ಚರ್ಮ ಕರೆಂಟಿಗೆ ಸುಟ್ಟು ಕಪ್ಪಾಗಿತ್ತು.

ಮಾಸಿದ ಹಸಿರು ಸೀರೆಯುಟ್ಟ ಹೆಂಗಸು ಬಂದಳು. ನನ್ನ ವಯಸ್ಸೇ. ಹಣೆ ಖಾಲಿ, ಕೊರಳು ಖಾಲಿ. ಇವರು ಅವಳ ಹಣೆ ನೋಡಿದರು, ಕೊರಳು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವರು ತಾವೇ ಎದ್ದು ಅವಳಿಗೆ ನೀರು ಕೊಟ್ಟರು. ಚಂದನಳಿಗೆ ಒಳಗೆ ಹೋಗೆಂದು ಸನ್ನೆ ಮಾಡಿದರು.

ಆ ಹೆಂಗಸು ನನಗೆ ಹೇಳುತ್ತ ಹೋದಳು. ಮೊದಲು ಮನೆ ತುಂಬ ಜನ ಬರುತ್ತಾರೆ, ಆಮೇಲೆ ಯಾರೂ ಬರುವುದಿಲ್ಲ. ಗ್ಯಾಸು, ಕರೆಂಟು ಬಿಲ್ಲು ಎಲ್ಲ ಅವರ ಹೆಸರಿನಲ್ಲಿರುತ್ತದೆ, ಬದಲಾಯಿಸಲು ಹೋದ ಕಡೆಯೆಲ್ಲ ಅವರು ಸತ್ತದ್ದನ್ನು ಹೊಸದಾಗಿ ಹೇಳಬೇಕಾಗುತ್ತದೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಕೈ ಹಳೆಯ ಅಳತೆಗೇ ಹೋಗುತ್ತದೆ. ಅವಳ ದನಿ ಆ ನೀಲಿ ಅಂಗಿಯವನದ್ದರಂತೆ ಇರಲಿಲ್ಲ. ಮನುಷ್ಯರ ದನಿಯಂತೆಯೇ ಇತ್ತು. ಅದಕ್ಕೇ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಸಾಕು ನಿಲ್ಲಿಸಿ ಎನ್ನಬೇಕು ಎನಿಸುತ್ತಿತ್ತು, ಜೊತೆಗೇ ಒಂದು ಅಕ್ಷರವೂ ತಪ್ಪದ ಹಾಗೆ ಕೇಳಿಸಿಕೊಳ್ಳಬೇಕು ಎಂದೂ. ಇವರು ಗೋಡೆಗೆ ಒರಗಿ ಎಲ್ಲವನ್ನೂ ಕೇಳಿದರು. ನಡುವೆ ಒಂದೇ ಸಲ ಬಾಯಿ ತೆರೆದರು. ದನಿ ಇರಲಿಲ್ಲ, ಬರೀ ಉಸಿರು. "ಆ ಗ್ಯಾಸಿಂದು ನಾಳೇನೇ ನಿನ್ನ ಹೆಸರಿಗೆ ಮಾಡ್ಸಣ."

ಬಿಸಿಲು ಅಂಗಳ ದಾಟಿತು. ಅವಳು ಸೆರಗು ಸರಿ ಮಾಡಿಕೊಂಡು ಎದ್ದಳು. ನನಗೆ ಕೇಳಬೇಕಾದದ್ದು ಇನ್ನೊಂದು ಉಳಿದಿತ್ತು. ಉಳಿದದ್ದೆಲ್ಲ ಹೇಗೋ ಆಗುತ್ತದೆ, ಆ ಒಂದಕ್ಕೆ ಉತ್ತರ ಬೇಕೇ ಬೇಕು ಎನಿಸಿತು. ನಾಲಗೆಯ ತುದಿಗೆ 'ಇರಿ' ಎಂಬ ಆ ಮಾತು ಬಂದೇಬಿಟ್ಟಿತು. ಅದರ ಮೊದಲ ಅಕ್ಷರ ಬಾಯಿಂದ ಹೊರಟೂ ಬಿಟ್ಟಿತ್ತು. ಇವರು ಮುಂದಕ್ಕೆ ಬಗ್ಗಿ ನನ್ನ ಮಣಿಕಟ್ಟು ಹಿಡಿದರು.

"ಅದನ್ನ ನನ್ನ ಕೇಳು" ಎಂದರು.

'ಹೋಗಿ' ಎಂದೆ ನಾನು. ಅವಳು ಗೇಟು ದಾಟಿ ಹೋದಳು. ಬೀದಿಯ ತಿರುವಿನವರೆಗೂ ಹಸಿರು ಸೀರೆ ಕಂಡಿತು, ಆಮೇಲೆ ಇಲ್ಲ.  ಒಳಗೆ ಚಂದನ ದೀಪ ಹಾಕಿದಳು. ನಾನು ಕೇಳಿದೆ.

"ನೀವು ಹೋಗ್ಬಿಟ್ರೆ, ರಾತ್ರಿ ಹೆದರಿಕೆಯಾದಾಗ ನಾನು ಯಾರನ್ನ ಎಬ್ಬಿಸಲಿ?"

 ಒಂದು ಕಾಲಕ್ಕೆ ಊರಿಗೆಲ್ಲ ಸಾರುತ್ತಿದ್ದ ಆ ಗಂಟಲಿನಿಂದ, ಪಕ್ಕದಲ್ಲಿ ಕೂತ ನನಗೆ ಮಾತ್ರ ಕೇಳುವಷ್ಟು ದನಿ ಹೊರಟಿತು.

"ಗೊತ್ತಿಲ್ಲ ಕಣೇ."

ಅವರ ಕೈ ನನ್ನ ಮಣಿಕಟ್ಟಿನ ಮೇಲೆ ಹಾಗೇ ಇತ್ತು.